ಥೆರಪಿ ಕೊಠಡಿಯ ಮುಕ್ಕಾಲು ಗಂಟೆ, ಮನೆಯ 84 ಗಂಟೆ

ಎನ್. ಬೇಗೂರಿನಿಂದ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗುವನ್ನು ಮಾತಿನ ತರಬೇತಿಗೆ ಕರೆದುಕೊಂಡು ಹೋಗುವ ತಾಯಿಗೆ ಅವತ್ತಿನ ಕೂಲಿ ಹೋದಂತೆಯೇ ಲೆಕ್ಕ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೇ ಹೆಸರು ಕೊಟ್ಟಿರುವ ಕಾಡಂಚಿನ ಊರು ಇದು. ಬೆಳಗಿನ ಬಸ್ಸು ಹಿಡಿದು, ನಡುವೆ ಬಸ್ಸು ಬದಲಿಸಿ, ಚೀಟಿ ಮಾಡಿಸಿ, ಸರದಿ ಕಾದು, ಮುಕ್ಕಾಲು ಗಂಟೆಯ ಥೆರಪಿ ಮುಗಿಸಿಕೊಂಡು ಕತ್ತಲಾಗುವ ಮುನ್ನ ಮನೆ ಸೇರಬೇಕು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರದ ಹಳ್ಳಿಗಳಿಂದ ಹೋಗುವವರ ಪಾಡೂ ಹೆಚ್ಚುಕಡಿಮೆ ಇದೇ. ಇಷ್ಟು ಕಷ್ಟಪಟ್ಟು ಬಂದ ಮೇಲೆ 'ಸದ್ಯ, ಈ ವಾರದ ಥೆರಪಿ ಮುಗೀತು' ಅನ್ನಿಸುವುದು ಸಹಜ. ಆದರೆ ಥೆರಪಿ ನಿಜವಾಗಿ ಆಗಬೇಕಾದದ್ದು ಮನೆಗೆ ಬಂದ ಮೇಲೆ.

ಲೆಕ್ಕ ಹಾಕಿ ನೋಡಿ. ಮಗು ದಿನಕ್ಕೆ 12 ಗಂಟೆ ಎಚ್ಚರವಿದ್ದರೆ ವಾರಕ್ಕೆ 84 ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಎಂದರೆ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ತಿಂಗಳಿಗೊಮ್ಮೆ ಮಾತ್ರ ಹೋಗಲು ಸಾಧ್ಯವಾಗುವ ಮನೆಗಳಲ್ಲಿ ಇನ್ನೂ ಕಡಿಮೆ. ಮಗು ಮಾತು ಕಲಿಯುವುದು ಉಳಿದ ಹೊತ್ತಿನಲ್ಲಿ: ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ, ಜಗಲಿಯ ಮೇಲೆ, ಅಂಗನವಾಡಿಯಲ್ಲಿ. ಹಾಗಾಗಿ ಮಾತಿನ ತಜ್ಞರ ಮುಖ್ಯ ಕೆಲಸ ಮಗುವಿನ ಬಾಯಿಂದ ಅಕ್ಷರ ಹೊರಡಿಸುವುದಷ್ಟೇ ಅಲ್ಲ, ಮನೆಯವರಿಗೆ ಕಲಿಸಿಕೊಡುವುದು. ಮನೆಯವರ ಕೆಲಸ ಮಗುವನ್ನು ಕರೆತಂದು ಬಿಡುವುದಷ್ಟೇ ಅಲ್ಲ, ಕಲಿತುಕೊಂಡು ಹೋಗುವುದು.

ಇದು ಹೊಸ ತಿಳಿವಳಿಕೆಯಲ್ಲ. 1942ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೂಯಿಸ್ ಟ್ರೇಸಿ ಎಂಬ ತಾಯಿ, ಕಿವಿ ಕೇಳಿಸದ ತಮ್ಮ ಮಗ ಜಾನ್‌ನ ಹೆಸರಿನಲ್ಲಿ ಒಂದು ಕ್ಲಿನಿಕ್ ತೆರೆದರು. ಅಲ್ಲಿ ಪಾಠ ತಂದೆತಾಯಂದಿರಿಗೆ. ದೂರದ ಊರಿನವರಿಗೆ ಅಂಚೆಯಲ್ಲೇ ಪಾಠ ಕಳಿಸುವ ಏರ್ಪಾಡನ್ನೂ ಅವರು ಮಾಡಿದರು. ನಮ್ಮ ಮೈಸೂರಿನಲ್ಲೇ ಪಿ.ಎ.ಡಿ.ಸಿ. ಎಂದು ಕರೆಯುವ, ಕಿವಿ ಕೇಳಿಸದ ಮಕ್ಕಳ ಪೋಷಕರ ಸಂಘದ ಶಾಲೆಯಲ್ಲಿ ಮಗುವಿನ ಪಕ್ಕ ತಾಯಿಯೂ ಕೂತು ಕಲಿಯುತ್ತಾಳೆ. 2011ರಲ್ಲಿ ಮೇಗನ್ ರಾಬರ್ಟ್ಸ್ ಮತ್ತು ಆನ್ ಕೈಸರ್ ಎಂಬ ಅಮೆರಿಕದ ಸಂಶೋಧಕಿಯರು 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ತರಬೇತಿ ಪಡೆದ ಪೋಷಕರು ಮನೆಯಲ್ಲಿ ನಡೆಸುವ ಭಾಷಾ ಕಲಿಕೆಯಿಂದ ಮಕ್ಕಳ ಮಾತು ಸುಧಾರಿಸುತ್ತದೆ ಎಂದೇ ತಿಳಿದುಬಂತು. ಇಲ್ಲಿ 'ತರಬೇತಿ ಪಡೆದ' ಎನ್ನುವುದನ್ನು ಮರೆಯಬಾರದು. 'ಮನೇಲಿ ಪ್ರಾಕ್ಟೀಸ್ ಮಾಡಿಸಿ' ಎಂದು ಒಂದು ಹಾಳೆ ಕೊಟ್ಟು ಕಳಿಸುವುದು ತರಬೇತಿಯಲ್ಲ.

ಮೊದಲು ಕಿವಿ

ಮುಂದೆ ಹೇಳುವುದೆಲ್ಲಕ್ಕಿಂತ ಮುಂಚೆ ಮಗುವಿನ ಕಿವಿ ಪರೀಕ್ಷೆ ಆಗಿರಬೇಕು. 'ಅವರಪ್ಪನೂ ತಡವಾಗೇ ಮಾತಾಡಿದ್ದು', 'ಗಂಡುಮಗು, ನಿಧಾನ' ಎಂದು ಹಿರಿಯರು ಹೇಳುವ ಧೈರ್ಯದ ಮಾತಿನಲ್ಲಿ ವರ್ಷಗಳು ಕಳೆದುಹೋಗುತ್ತವೆ. ಮಾತು ಬರಲೆಂದು ನಾಲಿಗೆಗೆ ಬಜೆ ತಿಕ್ಕುವ ಮನೆಗಳು ಇಂದಿಗೂ ಇವೆ. ಅದರ ಹಿಂದಿನ ಅಕ್ಕರೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಕೇಳಿಸದ ಕಿವಿಗೆ ಬಜೆಯಿಂದ ಏನೂ ಆಗುವುದಿಲ್ಲ. ಹುಟ್ಟಿದ 1 ತಿಂಗಳೊಳಗೆ ಕಿವಿಯ ಮೊದಲ ಪರೀಕ್ಷೆ, 3 ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಎಂಬ ನಿರ್ಧಾರ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ: ಜಗತ್ತಿನೆಲ್ಲೆಡೆ ತಜ್ಞರು ಒಪ್ಪುವ ಗಡುವು ಇದು. ಅದು ದಾಟಿಹೋಗಿದ್ದರೂ ಇವತ್ತು ಮಾಡಿಸುವುದು ನಾಳೆಗಿಂತ ಒಳ್ಳೆಯದು. ಆರು ತಿಂಗಳಾದರೂ ಸದ್ದಿನ ಕಡೆ ತಿರುಗದ ಮಗು, ಒಂದೂವರೆ ವರ್ಷವಾದರೂ ಒಂದು ಪದವನ್ನೂ ಆಡದ ಮಗು, ಎರಡು ವರ್ಷ ತುಂಬಿದರೂ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದ ಮಗು, ಯಾವ ವಯಸ್ಸಿನಲ್ಲೇ ಆಗಲಿ ಬಂದಿದ್ದ ಮಾತನ್ನು ಕಳೆದುಕೊಂಡ ಮಗು, ಇವರನ್ನು 'ನೋಡೋಣ' ಎಂದು ಇಟ್ಟುಕೊಳ್ಳಬಾರದು.

ಕಿವಿಯ ಮೆಷಿನ್ ಹಾಕಿಕೊಂಡ ಮಗುವಾದರೆ ಮನೆಯವರ ತೊಡಗಿಕೆಯನ್ನು ಅಳೆಯಲು ಒಂದು ಸುಲಭ ದಾರಿ ಇದೆ: ಮೆಷಿನ್ ದಿನಕ್ಕೆ ಎಷ್ಟು ಗಂಟೆ ಕಿವಿಯಲ್ಲಿತ್ತು? ಮಗು ಎದ್ದಿರುವಷ್ಟು ಹೊತ್ತೂ ಇರಬೇಕು. ಕಳೆದುಹೋದೀತು, ಸೆಲ್ಲು ಖರ್ಚಾದೀತು, ನೆಂಟರು ನೋಡಿಯಾರು ಎಂದು ಅದು ಬೀರುವಿನಲ್ಲಿ ಕೂತರೆ ಯಾವ ಥೆರಪಿಯೂ ಕೆಲಸ ಮಾಡುವುದಿಲ್ಲ. ಮೆಷಿನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಡೇನಿಯಲ್ ಲಿಂಗ್ ರೂಪಿಸಿದ ಆರು ಸದ್ದಿನ ಪರೀಕ್ಷೆ ಯಾರು ಬೇಕಾದರೂ ಮಾಡುವಂಥದ್ದು. ಬೆಳಗ್ಗೆ ಮೆಷಿನ್ ಹಾಕಿದ ಮೇಲೆ ಮಗುವಿನ ಹಿಂದೆ ನಿಂತು, ತುಟಿ ಕಾಣದಂತೆ, ಆ, ಈ, ಊ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳಿ. ಕೇಳಿಸಿದಾಗಲೆಲ್ಲ ಮಗು ಒಂದು ಹುಣಸೆಬೀಜ ಬಟ್ಟಲಿಗೆ ಹಾಕಲಿ. ಬೀಜ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನದಾದರೆ ಚಪ್ಪಾಳೆ ತಟ್ಟಲಿ. ನಿನ್ನೆ ಕೇಳಿಸಿದ ಸದ್ದು ಇವತ್ತು ಕೇಳಿಸದಿದ್ದರೆ ಸೆಲ್ಲು ನೋಡಿ, ಕಿವಿಯೊಳಗಿನ ಅಚ್ಚು ನೋಡಿ. ಮಗು ಬೆಳೆದಂತೆ ಅಚ್ಚು ಸಡಿಲವಾಗಿ ಮೆಷಿನ್ ಕುಯ್ ಎಂದು ಕೂಗಲು ಶುರುಮಾಡುತ್ತದೆ. ಅಂದರೆ ಹೊಸ ಅಚ್ಚು ಮಾಡಿಸುವ ಕಾಲ ಬಂತು.

ಎರಡು ನಿಮಿಷದ ವಿಡಿಯೊ

ಮಾತಿನ ಕೇಂದ್ರಗಳಲ್ಲಿ ಕುಟುಂಬದ ಆಸಕ್ತಿಯನ್ನು ಬಹುಪಾಲು ಹಾಜರಿಯಿಂದ ಅಳೆಯುತ್ತಾರೆ. ತಪ್ಪದೆ ಬರುವವರು ಒಳ್ಳೆಯ ಪೋಷಕರು, ತಪ್ಪಿಸುವವರು ಅಸಡ್ಡೆಯವರು. ಈ ಅಳತೆ ಎನ್. ಬೇಗೂರಿನಂಥ ಊರಿನವರಿಗೆ ಅನ್ಯಾಯ ಮಾಡುತ್ತದೆ. ತಿಂಗಳಿಗೊಮ್ಮೆ ಬಂದು ದಿನವೂ ಮನೆಯಲ್ಲಿ ಕೆಲಸ ಮಾಡುವ ತಾಯಿ ಇದ್ದಾಳೆ. ವಾರಕ್ಕೆರಡು ಸಲ ಬಂದು ಹೊರಗಿನ ಬೆಂಚಿನಲ್ಲಿ ಕೂತು ಹೋಗುವವರೂ ಇದ್ದಾರೆ.

ಅಳೆಯಬೇಕಾದದ್ದು ಮನೆಯಲ್ಲಿ ಮಾತುಕತೆಯ ರೀತಿ ಬದಲಾಗಿದೆಯೇ ಎಂಬುದನ್ನು. ಅದಕ್ಕೆ ಕೈಯಲ್ಲಿರುವ ಮೊಬೈಲೇ ಸಾಕು. ಹದಿನೈದು ದಿನಕ್ಕೊಮ್ಮೆ, ಊಟ ಮಾಡಿಸುವಾಗಲೋ ಸ್ನಾನ ಮಾಡಿಸುವಾಗಲೋ, ಎರಡು ನಿಮಿಷ ವಿಡಿಯೊ ಮಾಡಲು ಮನೆಯ ಇನ್ನೊಬ್ಬರಿಗೆ ಹೇಳಿ. ಆಮೇಲೆ ಕೂತು ನೋಡಿ. ಮಗು ಎಷ್ಟು ಸಲ ಶುರು ಮಾಡಿತು? ನೋಟದಿಂದಾಗಲಿ, ಕೈ ತೋರಿಸಿಯಾಗಲಿ, ಸದ್ದಿನಿಂದಾಗಲಿ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ನೀವು ಎಷ್ಟು ಸಲ ಉತ್ತರ ಕೊಟ್ಟಿರಿ? 'ಇದೇನು?', 'ಹೇಳು', 'ಅನ್ನು ನೋಡೋಣ' ಎಂದು ಪರೀಕ್ಷೆ ಮಾಡಿದ್ದು ಎಷ್ಟು ಸಲ, ಸುಮ್ಮನೆ ಜೊತೆಯಲ್ಲಿ ಮಾತಾಡಿದ್ದು ಎಷ್ಟು ಸಲ? ಒಂದು ಮಾತು ಆಡಿದ ಮೇಲೆ ಮಗುವಿಗೆ ಎಷ್ಟು ಹೊತ್ತು ಬಿಟ್ಟಿರಿ?

ಕೊನೆಯ ಪ್ರಶ್ನೆಯಲ್ಲೇ ಬಹಳಷ್ಟು ಅಡಗಿದೆ. ಮಗು ಮಾತಾಡುತ್ತಿಲ್ಲವೆಂಬ ಆತಂಕದಲ್ಲಿ ನಾವು ಒಂದರ ಮೇಲೊಂದು ಪ್ರಶ್ನೆ ಹಾಕುತ್ತ ಅದಕ್ಕೆ ಸರದಿಯನ್ನೇ ಕೊಡುವುದಿಲ್ಲ. ಕೆನಡಾದಲ್ಲಿ 1975ರಲ್ಲಿ ಆಯಲಾ ಹ್ಯಾನೆನ್ ಮ್ಯಾನೊಲ್ಸನ್ ಶುರುಮಾಡಿದ ಪೋಷಕರ ತರಬೇತಿಯಲ್ಲಿ ಮೊದಲು ಕಲಿಸುವುದೇ ಗಮನಿಸುವುದು, ಕಾಯುವುದು, ಕೇಳಿಸಿಕೊಳ್ಳುವುದು. ಹಣ ಬೇಡ, ಆಟಿಕೆ ಬೇಡ. ನೀರಿನ ಲೋಟ ಕೈಯಲ್ಲಿ ಹಿಡಿದು, 'ನೀರ್ ಬೇಕಾ ಕಂದ?' ಎಂದು ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಮಗುವಿನ ಮುಖ ನೋಡುತ್ತ ಕಾಯುವುದು. ಆ ಐದು ಎಣಿಕೆಯಲ್ಲಿ ಮಗು ಕಣ್ಣೆತ್ತಿ ನೋಡಿದರೂ ಸಾಕು, 'ನೀ' ಎಂದರಂತೂ ಸರಿಯೇ. 'ಹೂಂ, ನೀರು. ನೀರ್ ಕುಡಿ' ಎಂದು ಲೋಟ ಕೊಡಿ. ಸರಿಯಾಗಿ ಹೇಳುವವರೆಗೂ ನೀರು ಕೊಡದೆ ಸತಾಯಿಸುವುದು ಬೇಡ.

ಚಾರ್ಟ್‌ಗಳ ಬಗ್ಗೆ ಒಂದು ಮಾತು. ಹಣ್ಣು, ತರಕಾರಿ, ಪ್ರಾಣಿಗಳ ಚಾರ್ಟು ಗೋಡೆಗೆ ಅಂಟಿಸಿ ದಿನವೂ ಕೋಲು ಹಿಡಿದು ತೋರಿಸುವುದನ್ನೇ ಅನೇಕ ಮನೆಗಳಲ್ಲಿ ಥೆರಪಿ ಎಂದುಕೊಂಡಿದ್ದಾರೆ. ಹಿತ್ತಿಲಲ್ಲಿ ಕರು ಕಟ್ಟಿರುವಾಗ ಹಸುವಿನ ಚಿತ್ರ ಏಕೆ? ಹುಲ್ಲು ಹಾಕಲು ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ. ಮಗು 'ಅಂಬಾ' ಎಂದರೆ ನೀವು 'ಅಂಬಾ ಬಂತು' ಎನ್ನಿ. ಅದು 'ಅಂಬಾ ಬಂತು' ಎನ್ನತೊಡಗಿದಾಗ ನೀವು 'ಅಂಬಾ ಹುಲ್ ತಿಂತು' ಎನ್ನಿ. ಮಗುವಿನ ಮಾತಿಗಿಂತ ನಿಮ್ಮದು ಒಂದೇ ಮೆಟ್ಟಿಲು ಮೇಲಿರಲಿ.

ವಿಡಿಯೊ ಬಿಟ್ಟರೆ ಒಂದು ನೋಟ್‌ಬುಕ್. ದಿನಕ್ಕೆ ಒಂದೇ ಸಾಲು: ಇವತ್ತು ಮಗು ಹೊಸದಾಗಿ ಏನು ಅಂದಿತು, ಎಲ್ಲಿ, ಯಾರ ಹತ್ತಿರ. ಬರೆಯಲು ಬಾರದವರು ಶಾಲೆಗೆ ಹೋಗುವ ದೊಡ್ಡ ಮಗುವಿನ ಕೈಲಿ ಬರೆಸಬಹುದು, ಇಲ್ಲವೇ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳಬಹುದು. ಉಗ್ಗುವ ಮಗುವಿಗೆ ಈ ದಾಖಲೆ ಇನ್ನೂ ಮುಖ್ಯ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ಲಿಡ್‌ಕೂಂಬ್ ಎಂಬ ಪದ್ಧತಿಯಲ್ಲಿ ಸಣ್ಣ ಮಕ್ಕಳ ಉಗ್ಗಿಗೆ ಚಿಕಿತ್ಸೆ ಕೊಡುವವರೇ ತಂದೆತಾಯಿ, ತಜ್ಞರು ಹಿಂದೆ ನಿಂತು ಕಲಿಸುತ್ತಾರೆ. ಪ್ರತಿದಿನ ಮಗುವಿನ ಉಗ್ಗಿಗೆ ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕ ಕೊಡುವುದು ಪೋಷಕರ ಕೆಲಸ. ಥೆರಪಿ ಕೊಠಡಿಯಲ್ಲಿ ಚೆನ್ನಾಗಿ ಮಾತಾಡಿ ಮನೆಯಲ್ಲಿ ಉಗ್ಗುವ ಮಗುವಿನ ಸ್ಥಿತಿ ಆ ಅಂಕಗಳಿಂದಲೇ ತಜ್ಞರಿಗೆ ತಿಳಿಯುತ್ತದೆ. ಈ ಪದ್ಧತಿಯನ್ನು ತಜ್ಞರ ಮಾರ್ಗದರ್ಶನವಿಲ್ಲದೆ ಮಾಡಲು ಹೋಗಬೇಡಿ. ಅಂಕ ಬರೆದಿಡುವ ಅಭ್ಯಾಸವನ್ನು ಮಾತ್ರ ಇವತ್ತೇ ಶುರುಮಾಡಬಹುದು.

ಗುರಿಯನ್ನೂ ಹೀಗೆಯೇ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು. 'ಚೆನ್ನಾಗಿ ಮಾತಾಡಬೇಕು' ಎಂಬುದು ಆಸೆ, ಗುರಿಯಲ್ಲ. 1968ರಲ್ಲಿ ಅಮೆರಿಕದ ಕಿರೆಸುಕ್ ಮತ್ತು ಶೆರ್ಮನ್ ಹೇಳಿಕೊಟ್ಟ ಐದು ಹಂತದ ಕ್ರಮವನ್ನು ಇಂದು ಪುನರ್ವಸತಿ ಕ್ಷೇತ್ರದಲ್ಲಿ ಎಲ್ಲೆಡೆ ಬಳಸುತ್ತಾರೆ. ಅದನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳೋಣ. ಎರಡೂವರೆ ವರ್ಷದ ಮಗುವೊಂದು ಈಗ ಏನು ಬೇಕಾದರೂ ಅಳುತ್ತದೆ ಎಂದಿಟ್ಟುಕೊಳ್ಳಿ. ಅದು ಕೆಳಗಿನ ಹಂತ. ಕೈಹಿಡಿದು ಎಳೆದು ತೋರಿಸಿದರೆ ಒಂದು ಹಂತ ಮೇಲೆ. ಆರು ವಾರದಲ್ಲಿ ಊಟದ ಹೊತ್ತಿಗೆ ಕಣ್ಣು ನೋಡಿ ಒಂದು ಸದ್ದಿನಿಂದ ಕೇಳಬೇಕು ಎನ್ನುವುದು ನಾವು ಇಟ್ಟುಕೊಂಡ ಗುರಿ. ಪದದಲ್ಲಿ ಕೇಳಿದರೆ ಗುರಿಗಿಂತ ಮೇಲೆ, ಅಜ್ಜಿಯ ಹತ್ತಿರವೂ ಪದದಲ್ಲೇ ಕೇಳಿದರೆ ಇನ್ನೂ ಮೇಲೆ. ಆರು ವಾರದ ನಂತರ ಮಗು ಎಲ್ಲಿ ನಿಂತಿದೆ ಎಂದು ಅನಕ್ಷರಸ್ಥ ತಾಯಿಯೂ ತಾನೇ ಹೇಳಬಲ್ಲಳು. ಮಗು ಸ್ವಲ್ಪವೇ ಮುಂದೆ ಹೋಗಿದ್ದರೂ ಅದು ಕಣ್ಣಿಗೆ ಬೀಳುತ್ತದೆ, ಮನಸ್ಸು ಗಟ್ಟಿಯಾಗುತ್ತದೆ.

ಮನೆ ಎಂದರೆ ತಾಯಿ ಒಬ್ಬಳೇ ಅಲ್ಲ

'ಕುಟುಂಬದ ತೊಡಗಿಕೆ' ಎಂದು ಕರೆದು ಇಡೀ ಹೊರೆಯನ್ನು ತಾಯಿಯ ತಲೆಗೆ ಕಟ್ಟುವುದು ನಮ್ಮಲ್ಲಿ ತೀರಾ ಸಾಮಾನ್ಯ. ಮಗು ಮಾತಾಡದಿದ್ದರೆ ಅವಳದೇ ದೋಷ, ಥೆರಪಿ ತಪ್ಪಿದರೂ ಅವಳದೇ ದೋಷ. ಹೊಲ, ಮನೆ, ದನ, ಅತ್ತೆಮಾವ, ಇನ್ನೊಂದು ಕೂಸು, ಇದರ ನಡುವೆ 'ದಿನಕ್ಕೆ ಒಂದು ಗಂಟೆ ಕೂತು ಮಾಡಿಸಿ' ಎಂದರೆ ಅವಳು 'ಆಯ್ತು ಮೇಡಂ' ಎಂದು ತಲೆ ಆಡಿಸಿ ಬರುತ್ತಾಳೆ. ಮಾಡಲಾಗದೆ, ಮಾಡಲಿಲ್ಲ ಎಂದು ಹೇಳಲೂ ಆಗದೆ, ಒಂದು ದಿನ ಹೋಗುವುದನ್ನೇ ನಿಲ್ಲಿಸುತ್ತಾಳೆ. ಅಲ್ಲಿ ಸೋತದ್ದು ಯೋಜನೆ. ತಜ್ಞರು ಮೊದಲು ಕೇಳಬೇಕಾದ ಪ್ರಶ್ನೆ 'ಯಾಕಮ್ಮ ಮಾಡಿಸಲಿಲ್ಲ?' ಎಂದಲ್ಲ, 'ದಿನದಲ್ಲಿ ಯಾವ ಹೊತ್ತು ಮಗು ನಿಮ್ಮ ಪಕ್ಕದಲ್ಲೇ ಇರುತ್ತಮ್ಮ?' ಎಂದು. ಮುದ್ದೆ ಕಟ್ಟುವಾಗ ಎಂದರೆ ಆ ಹತ್ತು ನಿಮಿಷಕ್ಕೆ ಒಂದು ಗುರಿ. ಪಾತ್ರೆ ತೊಳೆಯುವಾಗ ಎಂದರೆ ಅದಕ್ಕೊಂದು. ಬೇರೆ ಹೊತ್ತು ಹುಡುಕುವುದೇ ಬೇಡ.

ಅಜ್ಜಿಯನ್ನು ಒಂದು ಸಲವಾದರೂ ಥೆರಪಿಗೆ ಕರೆದುಕೊಂಡು ಹೋಗಿ. ಮಗು ದಿನವೆಲ್ಲ ಇರುವುದು ಬಹುಪಾಲು ಅವರ ಮಡಿಲಲ್ಲೇ. ಕೇಳುವ ಮೊದಲೇ ಕೈಗಿಡುವುದು ಅವರ ಪ್ರೀತಿಯ ರೀತಿ, ಹಾಗಾಗಿ ಮಗುವಿಗೆ ಕೇಳುವ ಅಗತ್ಯವೇ ಬರುವುದಿಲ್ಲ. ಸೊಸೆ ಹೇಳಿದರೆ ಅದು ಅಧಿಕಪ್ರಸಂಗ. 'ಅಜ್ಜಿ, ಕೊಡೋಕೆ ಮುಂಚೆ ಒಂಚೂರು ಕಾಯಿರಿ, ಅದೇ ನಿಮ್ಮನ್ನ ನೋಡಿ ಕೇಳುತ್ತೆ' ಎಂದು ತಜ್ಞರೇ ಹೇಳಿ, ಅಲ್ಲೇ ಮಾಡಿಸಿ ತೋರಿಸಿದರೆ ಅವರಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ. ಅಪ್ಪನಿಗೂ ಒಂದು ಹೊಣೆ ಹೆಸರಿಟ್ಟು ಕೊಡಬೇಕು. ಗಾಡಿಯಲ್ಲಿ ಅಂಗಡಿಗೆ ಕರೆದುಕೊಂಡು ಹೋಗುವಾಗ ಕಂಡದ್ದನ್ನೆಲ್ಲ ಹೇಳುವುದು, ಮಲಗುವ ಮುಂಚೆ ಅವತ್ತಿನ ಕಥೆ ಹೇಳುವುದು, ಅಷ್ಟೇ ಆದರೂ ಸರಿ. ಅಕ್ಕ, ಅಣ್ಣಂದಿರು ಕಣ್ಣಾಮುಚ್ಚಾಲೆ, ಚೌಕಾಬಾರ ಆಡುವಾಗ ಈ ಮಗುವನ್ನೂ ಸೇರಿಸಿಕೊಳ್ಳಲಿ. 'ಈಗ ನಿನ್ನ ಸರದಿ' ಎನ್ನುವ ಆಟದಲ್ಲಿ ಮಾತಿನ ಸರದಿಯನ್ನೂ ಕಲಿಯುವುದಿದೆ. ಮನೆಯ ತೊಡಗಿಕೆ ಎಷ್ಟಿದೆ ಎಂದು ತಿಳಿಯಲು ಇನ್ನೊಂದು ಪ್ರಶ್ನೆಯೂ ಉಪಯೋಗಕ್ಕೆ ಬರುತ್ತದೆ: ಈ ತಿಂಗಳು ಮಗುವಿಗೆ ಏನು ಕಲಿಸುತ್ತಿದ್ದೇವೆಂದು ತಾಯಿಯಲ್ಲದೆ ಮನೆಯಲ್ಲಿ ಇನ್ನೆಷ್ಟು ಜನಕ್ಕೆ ಗೊತ್ತು?

ಈ ಸೀಮೆಯ ದುಡಿಮೆಗೆ ಋತುಗಳಿವೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿದು, ಒಣಗಿಸಲು ಬ್ಯಾರನ್ ಉರಿಸುವ ದಿನಗಳಲ್ಲಿ ರಾತ್ರಿಯೆಲ್ಲ ಎಚ್ಚರ. ಕಾಫಿ ಕೊಯ್ಲಿನ ಕಾಲಕ್ಕೆ ಆದಿವಾಸಿ ಹಾಡಿಗಳಿಂದ ಎಷ್ಟೋ ಕುಟುಂಬಗಳು ಕೊಡಗಿಗೆ ಹೋಗುತ್ತವೆ. ಆ ತಿಂಗಳುಗಳಲ್ಲಿ ಥೆರಪಿ ತಪ್ಪುತ್ತದೆ ಎನ್ನುವುದು ಮೊದಲೇ ಗೊತ್ತಿರುವ ಸಂಗತಿ. ಹೋಗುವ ಮುಂಚೆಯೇ ತಜ್ಞರಿಗೆ ಹೇಳಿ, ಎರಡು ತಿಂಗಳಿಗಾಗುವಷ್ಟು, ತೋಟದ ಲೈನ್‌ಮನೆಯಲ್ಲೂ ಮಾಡಬಹುದಾದ ಒಂದೆರಡು ಕೆಲಸ ಬರೆಸಿಕೊಳ್ಳಿ. ಕಾಡಂಚಿನಲ್ಲಿ ವಿಡಿಯೊ ಕಾಲ್ ನಿಲ್ಲದಿರಬಹುದು. ರೆಕಾರ್ಡ್ ಮಾಡಿಟ್ಟು ನೆಟ್‌ವರ್ಕ್ ಸಿಕ್ಕಾಗ ವಾಟ್ಸಾಪಿನಲ್ಲಿ ಕಳಿಸಿದರೂ ತಜ್ಞರು ನೋಡಿ ಹೇಳಬಹುದು.

ಭಾಷೆಯ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ಮನೆಯ ಮಾತು ಜೇನುಕುರುಬರದೋ ಬೆಟ್ಟಕುರುಬರದೋ ಆಗಿದ್ದರೆ ಮಗುವಿನ ಜೊತೆ ಆ ಮಾತನ್ನೇ ಆಡಬೇಕು. ಉರ್ದು, ತೆಲುಗು ಆಡುವ ಮನೆಗಳಿಗೂ ಇದೇ ಮಾತು. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಎಂಬುದು ನಿಜವಲ್ಲ. 'ಕನ್ನಡ ಮಾತ್ರ ಆಡಿ' ಅಥವಾ 'ಇಂಗ್ಲಿಷ್ ಶಾಲೆಗೆ ಹೋಗಬೇಕಲ್ಲ, ಇಂಗ್ಲಿಷಿನಲ್ಲೇ ಹೇಳಿಕೊಡಿ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಾಯಿ ತನಗೆ ಸಲೀಸಾಗಿ ಬರುವ ಮಾತಿನಲ್ಲೇ ಮಗುವನ್ನು ನಗಿಸಬಲ್ಲಳು, ಗದರಬಲ್ಲಳು, ಕಥೆ ಹೇಳಬಲ್ಲಳು. ಪರಿಚಯವಿಲ್ಲದ ಭಾಷೆಯಲ್ಲಿ ಅವಳ ಮಾತೇ ಒಂದೆರಡು ಪದಕ್ಕೆ ಇಳಿದುಬಿಡುತ್ತದೆ.

ತಜ್ಞರನ್ನೂ ಅಳೆಯಬಹುದು

ಅಳತೆ ಒಂದೇ ಕಡೆಯದಾಗಬಾರದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾನ್‌ಚೈಲ್ಡ್ ಕೇಂದ್ರದವರು 1990ರ ದಶಕದಲ್ಲಿ ಪೋಷಕರಿಂದಲೇ ಚಿಕಿತ್ಸಾ ಕೇಂದ್ರವನ್ನು ಅಳೆಸುವ ಪ್ರಶ್ನಾವಳಿ ಮಾಡಿದರು. ಅದರ ಆಶಯವನ್ನು ನಮ್ಮ ಮಾತಿನಲ್ಲಿ ಕೇಳಿಕೊಳ್ಳಬಹುದು. ಮಗುವಿನ ತೊಂದರೆ ಏನೆಂದು ನನಗೆ ಅರ್ಥವಾಗುವಂತೆ ಹೇಳಿದ್ದಾರೆಯೇ? ಗುರಿ ಇಡುವಾಗ ನನ್ನ ಮಾತು ಕೇಳಿದರೇ? ಥೆರಪಿ ಹೊತ್ತಿನಲ್ಲಿ ನನ್ನನ್ನು ಒಳಗೆ ಕೂರಿಸಿಕೊಳ್ಳುತ್ತಾರೆಯೇ? ಪ್ರತಿಸಲ ಹೊಸಬರು ಬಂದಾಗ ಹಿಂದಿನದೆಲ್ಲ ಮತ್ತೆ ಮೊದಲಿಂದ ಹೇಳಬೇಕೇ? ನನ್ನನ್ನು ಗೌರವದಿಂದ ಮಾತಾಡಿಸುತ್ತಾರೆಯೇ? ಇವಕ್ಕೆ 'ಇಲ್ಲ' ಎಂಬ ಉತ್ತರ ಹೆಚ್ಚಿದ್ದರೆ ಅದನ್ನು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ. ಕೇಳಿದರೆ ಬೇಜಾರು ಮಾಡಿಕೊಂಡಾರು ಎಂಬ ಅಂಜಿಕೆ ಹಳ್ಳಿಯಿಂದ ಹೋದವರಿಗೆ ಹೆಚ್ಚು. ಒಳ್ಳೆಯ ತಜ್ಞರು ಇಂಥ ಪ್ರಶ್ನೆಗೆ ಕಾಯುತ್ತಿರುತ್ತಾರೆ.

ಎಲ್ಲಿಗೆ ಹೋಗುವುದು

ಊರವರು 'ಸ್ಪೀಚ್ ಅಂಡ್ ಹಿಯರಿಂಗ್' ಎನ್ನುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದ ಸಂಸ್ಥೆ ಅದು. ಕಿವಿ ಪರೀಕ್ಷೆಯಿಂದ ಹಿಡಿದು ಥೆರಪಿ, ಶಾಲಾಪೂರ್ವ ತರಗತಿ, ದೂರದಿಂದಲೇ ಕೊಡುವ ಟೆಲಿ ಥೆರಪಿಯವರೆಗೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಮೈಸೂರಿಗೇ ಹೋಗಬೇಕೆಂದಿಲ್ಲ. ಸಂಸ್ಥೆಯ ಸೇವಾ ಕೇಂದ್ರಗಳು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಮತ್ತು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ನಡೆದುಬಂದಿವೆ. ಸರಗೂರು ಕಡೆಯವರಿಗೆ ಹುಲ್ಲಹಳ್ಳಿ, ಕೆ.ಆರ್. ನಗರದವರಿಗೆ ಅಕ್ಕಿಹೆಬ್ಬಾಳು ಹತ್ತಿರ. ಯಾವ ದಿನ, ಯಾವ ಸೇವೆ ಎಂದು ಸಂಸ್ಥೆಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಕಿವಿಯ ದೋಷ, ಮಾತು ತಡವಾಗುವುದು ಎರಡೂ ಅವರ ಪಟ್ಟಿಯಲ್ಲಿವೆ. ಯಾವಾಗ ಬರುತ್ತಾರೆಂದು ತಿಳಿಸುವಂತೆ ಅಂಗನವಾಡಿ ಟೀಚರಿಗೋ ಆಶಾ ಕಾರ್ಯಕರ್ತೆಗೋ ಮೊದಲೇ ಹೇಳಿಟ್ಟು, ಅವತ್ತು ಮಗುವಿನ ಜೊತೆ ನೀವೂ ಹೋಗಿ ನಿಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಶ್ರವಣದೋಷದ ಜೊತೆ ಮಾತು ಮತ್ತು ಭಾಷೆಯ ವೈಕಲ್ಯವೂ ಸೇರಿದೆ. ಅರ್ಹ ಮಗುವಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿದರೆ ಮುಂದಿನ ಸೌಲಭ್ಯಗಳಿಗೆ ದಾರಿ ಸುಲಭ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿಗೂ ಅಜ್ಜಿಗೂ ಟಿಕೆಟ್ ಖರ್ಚಿಲ್ಲ. ಅಜ್ಜಿಯನ್ನು ಕರೆದೊಯ್ಯಲು ಈಗ ಹಣದ ಅಡ್ಡಿಯಿಲ್ಲ.

ಮುಂದಿನ ಸಲ ಹೋಗುವಾಗ ಚೀಲದಲ್ಲಿ ಫೈಲಿನ ಜೊತೆ ನೋಟ್‌ಬುಕ್ಕೂ ಇರಲಿ, ಮೊಬೈಲಿನಲ್ಲಿ ಮನೆಯಲ್ಲಿ ಮಾಡಿದ ವಿಡಿಯೊ ಇರಲಿ, ಮನಸ್ಸಿನಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇರಲಿ. ತಜ್ಞರು ಹೊಸದೇನಾದರೂ ಹೇಳಿಕೊಟ್ಟರೆ ಎದ್ದು ಬರುವ ಮುಂಚೆ 'ನಾನೊಂದ್ಸಲ ಮಾಡ್ತೀನಿ, ನೋಡಿ ಮೇಡಂ' ಎಂದು ಅಲ್ಲೇ, ಅವರ ಎದುರೇ, ಮಗುವಿನ ಜೊತೆ ಮಾಡಿ ತೋರಿಸಿ. ಎಲ್ಲಿ ತಪ್ಪುತ್ತಿದೆ ಎಂದು ಅವರು ತಿದ್ದಲಿ. ಆಮೇಲೆ ಬಸ್ಸು ಹತ್ತಿ.